ಸದ್ದಿಲ್ಲದ ವರ್ಚುವಲ್ ಟೂರ್‌ಗೆ ಊರಿನ ದನಿ ಸೇರಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಚೌಕ ಆವರಣದಲ್ಲಿ ಕೊಟ್ಟಿರುವುದು ಸಂಚಿಕೆಯಲ್ಲಿ ಕೇಳಿಸುವ ಶಬ್ದಗಳ ವಿವರ.)

ಹೆಡ್‌ಫೋನ್ ಹತ್ತಿರದಲ್ಲಿದ್ದರೆ ಹಾಕಿಕೊಳ್ಳಿ. ಮೊದಲು ಒಂದು ಸದ್ದು ಕೇಳಿಸ್ತೀನಿ, ಆಮೇಲೆ ಮಾತು.

[ಶಬ್ದ: ಸಣ್ಣಗೆ, ಒಂದೇ ಸಮನೆ, ಸೋನೆ ಮಳೆ ಹಿಡಿದಂತೆ. 15 ಸೆಕೆಂಡ್]

ಮಳೆ ಅಂದ್ಕೊಂಡ್ರಾ? ಬಹಳ ಜನ ಹಾಗೇ ಅಂದುಕೊಳ್ತಾರೆ. ಇದು ರೇಷ್ಮೆ ಹುಳು ಸೊಪ್ಪು ತಿನ್ನೋ ಸದ್ದು. ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಇವು. ಹುಳು ತನ್ನ ಜೀವಮಾನದಲ್ಲಿ ತಿನ್ನೋ ಹಿಪ್ಪುನೇರಳೆ ಸೊಪ್ಪಿನ ಬಹುಪಾಲನ್ನ ಈ ಕೊನೆಯ ಏಳೆಂಟು ದಿನದಲ್ಲೇ ತಿಂದು ಮುಗಿಸುತ್ತೆ. ಆಮೇಲೆ ಹಣ್ಣಾಗಿ ಚಂದ್ರಿಕೆ ಹತ್ತುತ್ತೆ, ಗೂಡು ಕಟ್ಟುತ್ತೆ. ಹುಳು ಮನೆಯ ಫೋಟೊ ನೀವು ನೂರು ನೋಡಿರಬಹುದು. ಆ ಮನೆಯೊಳಗೆ ಮಳೆ ಬರುತ್ತೆ ಅಂತ ಯಾವ ಫೋಟೊದಲ್ಲೂ ಗೊತ್ತಾಗಲ್ಲ.

ಇದನ್ನ ರೆಕಾರ್ಡ್ ಮಾಡಿದ್ದು ನಮ್ಮೂರ ಹತ್ತಿರ. ನಮ್ಮೂರು ಅನುಗೊಂಡನಹಳ್ಳಿ. ಬೆಂಗಳೂರು ಗ್ರಾಮಾಂತರ ಜಿಲ್ಲೆ, ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಈ ಕಡೆ ವೈಟ್‌ಫೀಲ್ಡ್, ಆ ಕಡೆ ಮಾಲೂರು, ನಡುವೆ ನಾವು. ನಾನೂ ಇಬ್ಬರು ಗೆಳೆಯರೂ ಸೇರಿ ನಮ್ಮ ಊರು, ಸುತ್ತಲಿನ ಹಳ್ಳಿ ಇಷ್ಟನ್ನೂ ಮೊಬೈಲಲ್ಲಿ ನೋಡೋ ಹಾಗೆ ಒಂದು ವರ್ಚುವಲ್ ಟೂರ್ ಮಾಡ್ತಾ ಇದ್ದೀವಿ. ಒಟ್ಟು ಎಂಟು ಜಾಗ: ಕೆರೆ ಏರಿ, ಅರಳಿಕಟ್ಟೆ, ಒಂದು ವೀರಗಲ್ಲು, ಸಂತೆ, ರಾಗಿ ಹೊಲ, ಹೀಗೆ. ಚಿತ್ರಕ್ಕೆ 360 ಡಿಗ್ರಿ ಕ್ಯಾಮೆರಾ ಬಾಡಿಗೆಗೆ ತಂದ್ವಿ, ಎರಡೇ ದಿನದಲ್ಲಿ ಆ ಕೆಲಸ ಮುಗೀತು. ಶಬ್ದದ ಕೆಲಸ ಮಾತ್ರ ಇನ್ನೂ ನಡೀತಾ ಇದೆ. ಅದಕ್ಕೆ ಯಾಕೆ ಅಷ್ಟು ಹೊತ್ತು ಕೊಡಬೇಕು, ಹೇಗೆ ಮಾಡಬೇಕು ಅನ್ನೋದೇ ಇವತ್ತಿನ ವಿಷಯ.

ಆತುರಕ್ಕೂ ಒಂದು ಕಾರಣ ಇದೆ. ಈಗ ಕೇಳಿದ್ರಲ್ಲ, ಆ ಹುಳು ಮನೆಯವರು ರೆಕಾರ್ಡಿಂಗ್ ದಿನ "ಇದೇ ನಮ್ಮ ಕೊನೇ ಬೆಳೆ ಕಣಮ್ಮ" ಅಂದ್ರು. ತೋಟದ ಪಕ್ಕಕ್ಕೇ ಗೋದಾಮು ಬಂದಿದೆ, ಸೊಪ್ಪು ಕುಯ್ಯೋಕೆ ಆಳು ಸಿಗ್ತಾ ಇಲ್ಲ. ಹೊಸಕೋಟೆ ಸುತ್ತಮುತ್ತ ಓಡಾಡಿದವರಿಗೆ ಈ ಕಥೆ ಹೊಸದಲ್ಲ. ಒಂದು ಜಾಗ ಬದಲಾಗುವಾಗ ಮೊದಲು ಹೋಗೋದು ಅದರ ಸದ್ದು. ಕಟ್ಟಡ ನಿಂತಿರುತ್ತೆ, ಮರ ನಿಂತಿರುತ್ತೆ, ಫೋಟೊ ತೆಗೆದರೆ ಎಲ್ಲಾ ಹಾಗೇ ಕಾಣುತ್ತೆ. ಸದ್ದು ಯಾವತ್ತೋ ನಿಂತುಹೋಗಿರುತ್ತೆ.

ಕಣ್ಣಿಗೆ ಕಿಟಕಿ, ಕಿವಿಗೆ ಪೂರ್ತಿ ಬಯಲು

ಗೂಗಲ್ ಸ್ಟ್ರೀಟ್ ವ್ಯೂ ನೀವೆಲ್ಲ ಬಳಸಿರ್ತೀರಿ. ಭಾರತದಲ್ಲಿ ಅದು 2022ರ ಜುಲೈನಲ್ಲಿ ಹತ್ತು ನಗರಗಳೊಂದಿಗೆ ಮತ್ತೆ ಶುರುವಾಯ್ತು. ಅದರಲ್ಲಿ ಬೆಂಗಳೂರಿನ ಯಾವುದಾದರೂ ಮಾರ್ಕೆಟ್ ರಸ್ತೆಗೆ ಹೋಗಿ ನೋಡಿ. ಆಟೊ ಇದೆ, ಜನ ಇದ್ದಾರೆ, ಹೂವಿನ ಅಂಗಡಿ ಇದೆ. ಆದರೆ ಸದ್ದಿಲ್ಲ. ಎಲ್ಲರೂ ಉಸಿರು ಹಿಡಿದು ನಿಂತಿದ್ದಾರೇನೋ ಅನ್ನಿಸುತ್ತೆ. ದಾರಿ ಹುಡುಕೋಕೆ ಅಷ್ಟು ಸಾಕು. ಆ ರಸ್ತೆಯಲ್ಲಿ ನಿಂತ ಅನುಭವಕ್ಕೆ ಸಾಲದು.

ಯಾಕೆ ಸಾಲದು ಅನ್ನೋದಕ್ಕೆ ಸರಳ ಕಾರಣ ಇದೆ. 360 ಡಿಗ್ರಿ ಚಿತ್ರ ಸುತ್ತಲೂ ಇರುತ್ತೆ ನಿಜ, ಆದರೆ ನಿಮ್ಮ ಮೊಬೈಲ್ ತೆರೆ ಒಂದು ಸಣ್ಣ ಕಿಟಕಿ. ಅದರಲ್ಲಿ ಎದುರಿಗಿರೋದಷ್ಟೇ ಕಾಣುತ್ತೆ. ಬೆನ್ನ ಹಿಂದೆ ಏನಿದೆ ಅಂತ ಗೊತ್ತಾಗೋದು ತಿರುಗಿದರೆ ಮಾತ್ರ. ತಿರುಗಬೇಕು ಅಂತ ಯಾಕೆ ಅನ್ನಿಸಬೇಕು? ನಿಜವಾದ ಬೀದಿಯಲ್ಲಿ ಹಿಂದಿನಿಂದ ಸೈಕಲ್ ಬೆಲ್ ಕೇಳಿದರೆ ತಲೆ ತಾನಾಗಿ ತಿರುಗುತ್ತೆ. ಕಿವಿಗೆ ಹಿಂದು, ಮುಂದು, ಮೇಲೆ, ಕೆಳಗೆ ಎಲ್ಲ ಗೊತ್ತು.

ಅದು ಹೇಗೆ ಅಂದ್ರೆ, ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಬರುತ್ತೆ. ಎಡಗಡೆಯಿಂದ ಬಂದ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತೆ, ಬಲಗಿವಿಗೆ ಒಂದಿಷ್ಟು ತಡವಾಗಿ, ಒಂದಿಷ್ಟು ಮೆತ್ತಗೆ. ಆ ತಡ ಎಷ್ಟು? ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರಲ್ಲೇ ಮಿದುಳು ದಿಕ್ಕು ಹೇಳಿಬಿಡುತ್ತೆ. ಎರಡು ಕಿವಿ ಇರೋ ಜಾಗದಲ್ಲಿ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದರೆ ಆ ವ್ಯತ್ಯಾಸವೂ ರೆಕಾರ್ಡ್ ಆಗುತ್ತೆ. ಇದಕ್ಕೆ ಬೈನೌರಲ್ ಅಂತಾರೆ. ಹೆಡ್‌ಫೋನ್ ಹಾಕಿ ಅಂದಿದ್ದು ಅದಕ್ಕೇ.

[ಶಬ್ದ: ಎಡಗಡೆಯಿಂದ ಬಲಗಡೆಗೆ ಹಾದುಹೋಗುವ ಎತ್ತಿನ ಕೊರಳ ಗಂಟೆ. 12 ಸೆಕೆಂಡ್]

ಎತ್ತು ನಿಮ್ಮ ಬಲಕ್ಕೆ ಹೋಯ್ತಲ್ವಾ? ಟೂರ್‌ನಲ್ಲಿ ಇದೇ ಜಾಗಕ್ಕೆ ಬಂದವರು ಬೆರಳಿಂದ ಚಿತ್ರವನ್ನ ಬಲಕ್ಕೆ ತಿರುಗಿಸ್ತಾರೆ. ಅಲ್ಲೇ ಇದೆ ನಾವು ತೋರಿಸಬೇಕಾದ ಅರಳಿಕಟ್ಟೆ. ಬಾಣದ ಗುರುತು ಬೇಡ, "ಇಲ್ಲಿ ಒತ್ತಿ" ಅನ್ನೋ ಬಟನ್ ಬೇಡ.

ಕೇಳದೇ ಇದ್ದರೆ ನೋಡಿದ ಹಾಗೇ ಅಲ್ಲ

ಕೆಲವು ಜಾಗಗಳಲ್ಲಂತೂ ಸದ್ದೇ ಮುಖ್ಯ. ವಿಜಯಪುರದ ಗೋಳಗುಮ್ಮಟ ತಗೊಳ್ಳಿ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಜನ ಅಷ್ಟೊಂದು ಮೆಟ್ಟಿಲು ಹತ್ತಿ ಮೇಲೆ ಹೋಗೋದು ಯಾಕೆ? ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಕೇಳುತ್ತೆ ಅಂತ. ಒಂದು ಚಪ್ಪಾಳೆ ಹತ್ತಾರು ಚಪ್ಪಾಳೆ ಆಗುತ್ತೆ ಅಂತ. ಆ ಗ್ಯಾಲರಿಯ 360 ಡಿಗ್ರಿ ಚಿತ್ರವನ್ನ ಸದ್ದಿಲ್ಲದೆ ತೋರಿಸಿದರೆ, ಬಿರಿಯಾನಿಯ ಫೋಟೊ ತೋರಿಸಿ ಊಟ ಆಯ್ತಾ ಅಂತ ಕೇಳಿದ ಹಾಗೆ.

ಇದಕ್ಕೊಂದು ಉಪಾಯ ಇದೆ, ಇಂಪಲ್ಸ್ ರೆಸ್ಪಾನ್ಸ್ ಅಂತ. ಜಾಗದೊಳಗೆ ಒಂದು ಬಲೂನ್ ಒಡೆದು, ಆ 'ಢಬ್' ಹೇಗೆ ಮೊಳಗಿ ಹೇಗೆ ಅಡಗುತ್ತೆ ಅನ್ನೋದನ್ನ ರೆಕಾರ್ಡ್ ಮಾಡ್ತಾರೆ. ಅದು ಆ ಕಟ್ಟಡದ ಮೊಳಗಿನ ಅಚ್ಚು. ಆಮೇಲೆ ಸ್ಟುಡಿಯೊದಲ್ಲಿ ಮಾತಾಡಿದ ದನಿಯನ್ನೂ ಕಂಪ್ಯೂಟರಲ್ಲಿ ಅದೇ ಅಚ್ಚಿಗೆ ಹಾಕಬಹುದು. ಗುಮ್ಮಟದೊಳಗೇ ನಿಂತು ಮಾತಾಡಿದ ಹಾಗೆ ಕೇಳುತ್ತೆ. (ಪಾರಂಪರಿಕ ಕಟ್ಟಡದಲ್ಲಿ ಹೀಗೆ ಮಾಡೋಕೆ ಅನುಮತಿ ಬೇಕು. ನೀವಾಗಿ ಬಲೂನ್ ತಗೊಂಡು ಹೋಗಬೇಡಿ!)

ಇನ್ನು ಹಂಪಿ. ವಿಜಯ ವಿಠ್ಠಲ ದೇವಸ್ಥಾನದ ಸಪ್ತಸ್ವರದ ಕಂಬಗಳನ್ನ ಈಗ ಯಾರೂ ತಟ್ಟೋ ಹಾಗಿಲ್ಲ, ಕಲ್ಲಿಗೆ ಪೆಟ್ಟಾಗುತ್ತೆ. ಅಷ್ಟು ದೂರ ಹೋದವರಿಗೂ ಆ ನಾದ ಕೇಳಲ್ಲ. ಆದರೆ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಕಂಬಗಳ ಸದ್ದನ್ನ ರೆಕಾರ್ಡ್ ಮಾಡಿ ಅಧ್ಯಯನ ಮಾಡಿದ್ದಾರೆ. ಗಟ್ಟಿ ಕಲ್ಲಿನ ಕಂಬ ಬಾಗಿ ಕಂಪಿಸೋದರಿಂದ ನಾದ ಬರುತ್ತೆ ಅಂತ ತೋರಿಸಿದ್ದಾರೆ. ಯೋಚಿಸಿ: ಎದುರಿಗೆ ನಿಂತವರಿಗೆ ಸಿಗದೇ ಇರೋದನ್ನ ಮೊಬೈಲ್ ಟೂರ್ ಕೊಡಬಹುದು. ವರ್ಚುವಲ್ ಟೂರ್ ಅಸಲಿಗಿಂತ ಒಂದು ಹೆಜ್ಜೆ ಮುಂದೆ ಹೋಗೋ ಅಪರೂಪದ ಜಾಗ ಇದು.

ನಮ್ಮೂರಲ್ಲಿ ಗೋಳಗುಮ್ಮಟ ಇಲ್ಲ, ಸಪ್ತಸ್ವರದ ಕಂಬ ಇಲ್ಲ. ನಮ್ಮಂಥ ಊರಿನ ಸದ್ದು ಹುಡುಕೋಕೆ ನನಗೆ ಸಹಾಯ ಆಗಿದ್ದು ಕೆನಡಾದ ಸಂಗೀತಗಾರ ಮರ್ರೆ ಶೇಫರ್ ಅವರ ವಿಚಾರ. ಅವರು ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಗೆಳೆಯರನ್ನ ಕಟ್ಟಿಕೊಂಡು ವ್ಯಾಂಕೂವರ್ ನಗರದ ಸದ್ದುಗಳನ್ನೆಲ್ಲ ರೆಕಾರ್ಡ್ ಮಾಡಿ 1973ರಲ್ಲಿ ಹೊರತಂದರು. ಒಂದು ಜಾಗದ ಸದ್ದನ್ನ ಅವರು ಮೂರು ಥರ ನೋಡ್ತಾರೆ. ಮೊದಲನೇದು ಹಿಂದೆ ಸದಾ ಇರೋದು, ತಂಬೂರಿ ಶ್ರುತಿ ಥರ. ಎರಡನೇದು ಸೂಚನೆ: ನಿಂತು ಕೇಳಲೇಬೇಕಾದದ್ದು. ಮೂರನೇದು ಹೆಗ್ಗುರುತು: ಆ ಜಾಗಕ್ಕೇ ಸೇರಿದ್ದು, ಬೇರೆಲ್ಲೂ ಸಿಗದ್ದು.

ನಮ್ಮೂರಿಗೆ ಇದನ್ನ ಹಚ್ಚಿ ನೋಡಿದ್ವಿ. ಶ್ರುತಿ: ಬೋರ್‌ವೆಲ್ ಮೋಟರ್, ಕಾಗೆ, ದೂರದಲ್ಲಿ ಲಾರಿ. ಸೂಚನೆ: ಶಾಲೆ ಬೆಲ್ಲು, ಬಸ್ಸಿನ ಹಾರನ್, ತಮಟೆ. ತಮಟೆ ಏಟು ಕೇಳಿದರೆ ಸಾಕು, ಬರ್ತಾ ಇರೋದು ದೇವರೋ ಹೆಣವೋ ಅಂತ ಊರಿನವರು ಮನೆಯೊಳಗಿಂದಲೇ ಹೇಳ್ತಾರೆ. ಹೆಗ್ಗುರುತು ಯಾವುದು ಅಂತ ಮಾತ್ರ ನಾವು ಮೂವರೂ ಜಗಳ ಆಡಿದ್ವಿ. ಕೊನೆಗೆ ಅದನ್ನ ತೀರ್ಮಾನ ಮಾಡಿದ್ದು ನಮ್ಮಜ್ಜಿ. ಆ ಮಾತಿಗೆ ಆಮೇಲೆ ಬರ್ತೀನಿ.

ನಿರೂಪಣೆ ಅಂದ್ರೆ ಓದೋದಲ್ಲ, ತೋರಿಸೋದು

ಸದ್ದಾಯ್ತು, ಈಗ ಮಾತು. ಬಹಳಷ್ಟು ಟೂರ್‌ಗಳಲ್ಲಿ ನಿರೂಪಣೆ ಹೀಗಿರುತ್ತೆ: "ಈ ದೇವಾಲಯವು ಇಂಥ ಶತಮಾನದಲ್ಲಿ ಇಂಥವರಿಂದ ನಿರ್ಮಿಸಲ್ಪಟ್ಟಿದ್ದು..." ಅಷ್ಟರಲ್ಲಿ ನಮ್ಮ ಬೆರಳು ಮುಂದಿನ ಚಿತ್ರಕ್ಕೆ ಹೋಗಿರುತ್ತೆ. ಅದು ಫಲಕದ ಮೇಲೆ ಬರೆಯೋ ಭಾಷೆ, ಕಿವಿಗೆ ಹೇಳೋದಲ್ಲ.

ಕಿವಿಗೆ ಹೇಳೋ ಕಲೆ ಕನ್ನಡಕ್ಕೆ ಹೊಸದೇನಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು, 'ಆಕಾಶವಾಣಿ' ಹೆಸರಲ್ಲಿ. ಆಮೇಲೆ ಬಂದ ದಸರಾ ಮೆರವಣಿಗೆಯ ವೀಕ್ಷಕ ವಿವರಣೆಯನ್ನ ನಿಮ್ಮ ತಾತ ಅಜ್ಜಿ ಖಂಡಿತ ಕೇಳಿರ್ತಾರೆ. ವೀಕ್ಷಕ ವಿವರಣೆ! ಆ ಪದವೇ ಎಷ್ಟು ಚೆನ್ನಾಗಿದೆ ನೋಡಿ. ಆನೆ ಎಲ್ಲಿಗೆ ಬಂತು, ಜನ ಯಾವ ಕಡೆ ನುಗ್ತಾ ಇದ್ದಾರೆ ಅಂತ ಹೇಳ್ತಾ ಹೇಳ್ತಾ ಮೈಸೂರನ್ನೇ ಕಣ್ಣ ಮುಂದೆ ತಂದು ನಿಲ್ಲಿಸೋರು. ವರ್ಚುವಲ್ ಟೂರ್‌ಗೆ ಬೇಕಾಗಿರೋದು ಆ ಕಲೆಯೇ.

ಒಂದು ಉದಾಹರಣೆ. ನಮ್ಮ ಟೂರ್‌ನ ಒಂದು ಜಾಗ ವೀರಗಲ್ಲು. ಮೂರು ಹಂತದ ಶಿಲ್ಪ ಇರೋ ಕಲ್ಲನ್ನ ನೋಡಿದವರ ಕಣ್ಣು ಮೊದಲು ಮೇಲಕ್ಕೆ ಹೋಗುತ್ತೆ, ಪುಸ್ತಕ ಓದೋ ಹಾಗೆ. ವೀರಗಲ್ಲನ್ನ ಓದಬೇಕಾಗಿರೋದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ. ನಡುವೆ, ಸತ್ತ ವೀರನನ್ನ ಅಪ್ಸರೆಯರು ಎತ್ತಿಕೊಂಡು ಹೋಗ್ತಿರೋದು. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರೋದು. ಇದನ್ನ ಚಿತ್ರ ತಾನಾಗಿ ಹೇಳಲ್ಲ. ಹಾಗಾಗಿ ನಮ್ಮ ನಿರೂಪಣೆ ಶುರುವಾಗೋದು ಹೀಗೆ: "ಮೊದಲು ಕಲ್ಲಿನ ಬುಡ ನೋಡಿ. ಬಿಲ್ಲು ಹಿಡಿದವನು ಕಾಣಿಸಿದನಾ?" ಆಮೇಲೆ ನಾಲ್ಕು ಸೆಕೆಂಡ್ ಮೌನ. ಹುಡುಕೋಕೆ ಸಮಯ ಕೊಡಬೇಕು. ಕಾಣಿಸಿದ ಮೇಲೆ ಕಥೆ.

ಈ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ದೊಡ್ಡ ತಳಪಾಯವೇ ಇದೆ. ಬಿ.ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನ ಪ್ರಕಟಿಸಿದರು, ಹೊಸಕೋಟೆ ತಾಲ್ಲೂಕಿನವೂ ಸೇರಿ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ, ಅಂದ್ರೆ 1909ರಲ್ಲಿ ಶುರುವಾದ ಸಂಸ್ಥೆ, 2021ರಿಂದ ಈ ಭಾಗದ ಶಾಸನಗಳನ್ನ ಒಂದೊಂದಾಗಿ ಹುಡುಕಿ ತ್ರೀಡಿ ಸ್ಕ್ಯಾನ್ ಮಾಡ್ತಾ ಇದೆ. ಸವೆದ ಅಕ್ಷರದ ಮೇಲೆ ಬೆಳಕನ್ನ ಬೇರೆ ಬೇರೆ ಕೋನದಿಂದ ಹಾಯಿಸಿದ ಹಾಗೆ ಕಂಪ್ಯೂಟರಲ್ಲಿ ತಿರುಗಿಸಿ ನೋಡಿದರೆ, ಬರಿಗಣ್ಣಿಗೆ ಕಾಣದ ಅಕ್ಷರವೂ ಎದ್ದು ಬರುತ್ತೆ. ಬೇಗೂರಿನ ವೀರಗಲ್ಲು ನೆನಪಿದೆಯಲ್ವಾ, ಸುಮಾರು ಕ್ರಿ.ಶ. 890ರದ್ದು, ಬೆಂಗಳೂರಿನ ಹೆಸರು ಇರೋದು? ಅಂಥವು ರಸ್ತೆ ಅಗಲ ಮಾಡುವಾಗ, ಮನೆ ಕಟ್ಟುವಾಗ ಎಷ್ಟೋ ಕಳೆದುಹೋಗಿವೆ. ಸ್ಕ್ಯಾನ್ ಆದದ್ದು ಉಳೀತು.

ನಾನು ಹೇಳೋದು ಅದರ ಮುಂದಿನ ಹೆಜ್ಜೆ. ಅಕ್ಷರ ಉಳೀತು, ಅದನ್ನ ಓದೋಕೆ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತೆ? ಹಳಗನ್ನಡದ ಸಾಲನ್ನ ಗೊತ್ತಿರೋರೊಬ್ಬರು ಮೊದಲು ಹಾಗೇ ಓದಲಿ, ಆಮೇಲೆ ನಮ್ಮ ಮಾತಲ್ಲಿ ಅರ್ಥ ಹೇಳಲಿ. ಒಂದೇ ನಿಮಿಷ. ಸಾವಿರ ವರ್ಷದಿಂದ ಸುಮ್ಮನೆ ನಿಂತ ಕಲ್ಲಿಗೆ ಅದು ಬಾಯಿ ಕೊಟ್ಟ ಹಾಗೆ.

ಯಾರ ದನಿ?

ಈಗ ಎಐ ದನಿ ಇದೆಯಲ್ಲ, ಬರೆದು ಕೊಟ್ಟರೆ ಓದುತ್ತೆ, ದುಡ್ಡೂ ಬೇಡ ಅಂತೀರಿ. ಆತುರದ ಕೆಲಸಕ್ಕೆ ಆಗಬಹುದು. ಆದರೆ ಅದು "ಅ-ನು-ಗೊಂ-ಡ-ನ-ಹಳ್ಳಿ" ಅಂತ ಬಿಡಿಸಿ ಬಿಡಿಸಿ ಓದುತ್ತೆ. ನಮ್ಮೂರಲ್ಲಿ ಹಾಗನ್ನೋರು ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರ್ ಮಾತ್ರ. ನಾವು ಅನ್ನೋದು 'ಅನ್ಗೊಂಡ್ನಳ್ಳಿ'. ಅರ್ಧ ಊರು ಮನೆಯಲ್ಲಿ ತೆಲುಗು ಮಾತಾಡಿ ಬೀದಿಯಲ್ಲಿ ಕನ್ನಡ ಮಾತಾಡುತ್ತೆ. ಆ ಎಳೆತ, ಆ ರಾಗ ಮಾತಲ್ಲಿ ಇದ್ದರೇ ಅದು ಈ ಗಡಿನಾಡಿನ ಕನ್ನಡ.

ಅಮೆರಿಕದ ಅಲ್ಕಟ್ರಾಜ್ ದ್ವೀಪದಲ್ಲಿ ಹಿಂದೆ ಜೈಲಿತ್ತು, ಈಗ ಪ್ರವಾಸಿ ತಾಣ. ಅಲ್ಲಿನ ಆಡಿಯೊ ಟೂರ್ ಪ್ರಪಂಚದಲ್ಲೇ ಹೆಸರುವಾಸಿ. ಕಾರಣ, ಅದರಲ್ಲಿ ಮಾತಾಡಿರೋರು ಅದೇ ಜೈಲಿನ ಹಳೇ ಕಾವಲುಗಾರರು, ಹಳೇ ಕೈದಿಗಳು. ಕಬ್ಬಿಣದ ಬಾಗಿಲು ಮುಚ್ಚೋ ಸದ್ದಿನ ಜೊತೆಗೆ ಒಳಗಿದ್ದವರೇ ಮಾತಾಡ್ತಾರೆ. ಎಷ್ಟೇ ಒಳ್ಳೆ ನಟ ಓದಿದ್ದರೂ ಆ ಭಾರ ಬರ್ತಾ ಇರಲಿಲ್ಲ.

ಅದಕ್ಕೇ ಹುಳು ಮನೆಗೆ ಹುಳು ಸಾಕಿದವರ ಮಾತು, ತಮಟೆಗೆ ತಮಟೆ ಬಾರಿಸೋರ ಮಾತು. ಅವರಿಗೆ ಬರೆದು ಕೊಡಲ್ಲ, ಕೇಳ್ತೀವಿ. "ಅಣ್ಣ, ಇದನ್ನ ಹೇಗೆ ಕಾಯಿಸ್ತೀರಿ?" ಅಂದ್ರೆ ಸಾಕು, ತಮಟೆಯ ಚರ್ಮವನ್ನ ಬೆಂಕಿಗೆ ಹಿಡಿದು ಬೆರಳಿಂದ ತಟ್ಟಿ ನೋಡ್ತಾ ನೋಡ್ತಾ ಹೇಳ್ತಾರೆ. ಕೊನೆಗೆ ಅವರಿಗೇ ಕೇಳಿಸಿ, ಒಪ್ಪಿದರೆ ಮಾತ್ರ ಇಟ್ಕೊಳ್ತೀವಿ.

ಈಗ ಅಜ್ಜಿ ವಿಷಯ. ನಮ್ಮಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಐದಾರು ವರ್ಷ ಆಯ್ತು. ಚಿತ್ರ ಮಾತ್ರ ಇರೋ ಟೂರ್‌ನಲ್ಲಿ ಅವರಿಗೆ ಏನೂ ಇಲ್ಲ. ಕೆರೆ ಏರಿ ಮೇಲೆ ಮಾಡಿದ ಎರಡು ನಿಮಿಷದ ರೆಕಾರ್ಡಿಂಗ್ ಕೇಳಿಸಿದೆ, ಎಲ್ಲಿ ಅಂತ ಹೇಳಲಿಲ್ಲ. ಕಿವಿಗೆ ಹೆಡ್‌ಫೋನ್ ಒತ್ತಿ ಹಿಡಿದು ಕೂತರು. "ಏರಿ ಮೇಲಲ್ವಾ ಇದು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ತೂಬಿನ ಸದ್ದೇ ಇಲ್ವಲ್ಲೇ. ನೀರು ನಿಂತೋಯ್ತಾ?" ಅಂತ ಕೇಳಿದ್ರು.

ನಿಂತುಹೋಗಿತ್ತು. ತೂಬಿನಿಂದ ಕಾಲುವೆಗೆ ನೀರು ಬಿಡೋದು ನಿಂತು ಯಾವ ಕಾಲವಾಯ್ತೋ. ಕೆಳಗಡೆ ಗದ್ದೆಯೇ ಇಲ್ಲ ಅಂದ ಮೇಲೆ ನೀರು ಯಾರಿಗೆ? ನಾನು ಹುಟ್ಟಿ ಬೆಳೆದದ್ದು ಅಲ್ಲೇ ಆದರೂ ಆ ಸದ್ದು ನನ್ನ ಕಿವಿಯಲ್ಲೇ ಇಲ್ಲ. ಊರಿನ ಹೆಗ್ಗುರುತು ಯಾವುದು ಅಂತ ನಾವು ಮೂವರು ಜಗಳ ಆಡ್ತಾ ಇದ್ವಲ್ಲ, ಅದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಈಗ ಟೂರ್‌ನ ಕೆರೆಯ ಜಾಗದಲ್ಲಿ ಅಜ್ಜಿಯ ಮಾತಿದೆ. ತೂಬು ಎತ್ತಿದಾಗ ನೀರು ಹೇಗೆ ಗುಡುಗ್ತಾ ಇತ್ತು, ರಾತ್ರಿ ಮಲಗಿದಲ್ಲೇ ಅದನ್ನ ಕೇಳಿ ಯಾರ ಗದ್ದೆಗೆ ನೀರು ಹೋಗ್ತಿದೆ ಅಂತ ಹೇಗೆ ಗೊತ್ತಾಗ್ತಾ ಇತ್ತು ಅಂತ ಹೇಳಿದ್ದಾರೆ. ಹಿಂದೆ ಇರೋದು ಈಗಿನ ಕೆರೆಯ ಸದ್ದು. ಬೇರೆ ಎಲ್ಲಿಂದಲೋ ನೀರಿನ ಸದ್ದು ತಂದು ಅಂಟಿಸಿಲ್ಲ.

ಕಣ್ಣು ಕಾಣದವರಿಗೂ ಟೂರ್ ಸಿಗಬೇಕು ಅನ್ನೋದು ಅವರ ಹಕ್ಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಶ್ರವ್ಯ, ಮುದ್ರಿತ, ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯ ಎಲ್ಲರಿಗೂ ಸಿಗೋ ರೂಪದಲ್ಲಿ ಇರಬೇಕು ಅನ್ನುತ್ತೆ. ಹಾಗೇ ಕಿವಿ ಕೇಳದವರಿಗೆ ಪ್ರತಿ ದನಿಗೂ ಬರಹ ಬೇಕು. ನೀವು ಈಗ ಓದ್ತಾ ಇರೋ ಈ ಪುಟದ ಹಾಗೆ.

ನೀವು ಮಾಡೋದಾದ್ರೆ

ಮೊಬೈಲ್ ಸಾಕು. ಆದರೆ ಕೆಲವು ವಿಷಯ ನೆನಪಿರಲಿ.

ಒಂದು, ಏರೋಪ್ಲೇನ್ ಮೋಡ್ ಹಾಕಿ. ಮೊಬೈಲನ್ನ ಕೈಯಲ್ಲಿ ಹಿಡೀಬೇಡಿ, ಬೆರಳು ಜರುಗಿದ್ದೂ ಕೇಳುತ್ತೆ. ಗಟ್ಟಿಯಾದ ಏನಾದರೂ ಒಂದರ ಮೇಲೆ ಬಟ್ಟೆ ಮಡಿಸಿ ಇಟ್ಟು, ಅದರ ಮೇಲಿಡಿ. ಗಾಳಿ ಬೀಸೋ ಕಡೆಗೆ ನಿಮ್ಮ ಬೆನ್ನನ್ನ ಅಡ್ಡ ಕೊಡಿ.

ಎರಡು, ಒಂದು ಜಾಗದಲ್ಲಿ ಕಡಿಮೆ ಅಂದ್ರೂ ಎರಡು ನಿಮಿಷ ಮಾತಾಡದೆ ರೆಕಾರ್ಡ್ ಮಾಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಅದೇ ಜಾಗ ಎರಡು ಊರಿನ ಹಾಗೆ ಕೇಳುತ್ತೆ.

ಮೂರು, ಮೂಲ ಕಡತವನ್ನ ವೇವ್ ರೂಪದಲ್ಲಿ ಇಟ್ಕೊಳ್ಳಿ. 48 ಕಿಲೊಹರ್ಟ್ಜ್, 16 ಬಿಟ್, ಸ್ಟೀರಿಯೊ ಅಂದ್ರೆ ನಿಮಿಷಕ್ಕೆ ಸುಮಾರು 11.5 ಎಂಬಿ ಆಗುತ್ತೆ. ಟೂರ್‌ಗೆ ಹಾಕೋ ಮಾತನ್ನ 64 ಕೆಬಿಪಿಎಸ್‌ಗೆ ಇಳಿಸಿ. ನಿಮಿಷಕ್ಕೆ ಅರ್ಧ ಎಂಬಿ ಸಾಕು. ನೆಟ್‌ವರ್ಕ್ ಒಂದೇ ಕಡ್ಡಿ ತೋರಿಸೋ ಕಡೆಯೂ ಕೇಳಬೇಕಲ್ವಾ.

ನಾಲ್ಕು, ಹಿನ್ನೆಲೆಗೆ ಸಿನಿಮಾ ಹಾಡು, ಕೊಳಲು ಸಂಗೀತ ತುಂಬಬೇಡಿ. ಹಕ್ಕುಸ್ವಾಮ್ಯದ ತಲೆನೋವು ಒಂದು ಕಡೆ, ಊರಿನ ಸದ್ದು ಮುಳುಗಿಹೋಗೋದು ಇನ್ನೊಂದು ಕಡೆ.

ಐದು, ಜನರ ಮಾತು ರೆಕಾರ್ಡ್ ಮಾಡೋ ಮೊದಲು ಕೇಳಿ, ಮಾಡಿದ ಮೇಲೆ ಕೇಳಿಸಿ.

ಆರು, ದಿನಾಂಕ, ಗಂಟೆ, ಜಾಗ ಬರೆದಿಡಿ. ಇವತ್ತು ಅದು ಬೇಡ ಅನ್ನಿಸುತ್ತೆ. ಇಪ್ಪತ್ತು ವರ್ಷ ಬಿಟ್ಟು ಕೇಳೋರಿಗೆ ಅದಿಲ್ಲದಿದ್ದರೆ ಯಾವ ಊರಿನ ಸದ್ದು ಅಂತಲೇ ಗೊತ್ತಾಗಲ್ಲ.

ಟೂರ್ ಮಾಡೋ ಯೋಚನೆ ಇಲ್ಲದೇ ಇದ್ದರೂ ಈ ವಾರ ಒಂದು ಕೆಲಸ ಮಾಡಿ. ನಿಮ್ಮೂರಲ್ಲಿ ಇನ್ನು ಹತ್ತು ವರ್ಷಕ್ಕೆ ಇರಲಾರದು ಅಂತ ನಿಮಗೆ ಅನ್ನಿಸೋ ಒಂದು ಸದ್ದನ್ನ ಎರಡು ನಿಮಿಷ ರೆಕಾರ್ಡ್ ಮಾಡಿ. ಯಾವುದು ಅಂತ ಗೊತ್ತಾಗದಿದ್ದರೆ ಮನೆಯ ಹಿರಿಯರನ್ನ ಕೇಳಿ. ಅವರು ಹೇಳೋ ಸದ್ದು ಈಗಾಗಲೇ ಹೋಗಿದ್ದರೆ, ಅವರ ಮಾತನ್ನೇ ರೆಕಾರ್ಡ್ ಮಾಡ್ಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹೋಗೋ ಮುಂಚೆ, ನಮ್ಮೂರ ಸಂತೆ. ನಾನು ಮಾತಾಡಲ್ಲ, ನೀವೇ ಒಂದು ಸುತ್ತು ಹಾಕಿ ಬನ್ನಿ.

[ಶಬ್ದ: ಬೆಳಗಿನ ಸಂತೆ. ಎಡಗಡೆ ಸೊಪ್ಪು ಮಾರುವವರ ಕೂಗು, ಬಲಗಡೆ ಚಿಲ್ಲರೆ ಎಣಿಸುವ ಸದ್ದು, ಹಿಂದಿನಿಂದ ಬಸ್ಸಿನ ಹಾರನ್. 60 ಸೆಕೆಂಡ್]